ಎರಡು ಸಾವಿರದ ರೂಮಿನಲ್ಲಿ ಯಾರ ಪಾಲು ಎಷ್ಟು?

ಕಳೆದ ಡಿಸೆಂಬರ್‌ನ ಒಂದು ಗುರುವಾರ ಸಂಜೆ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ನಾವು ನಾಲ್ವರು ಕೂತಿದ್ದೆವು. ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗಿನ ಗೆಳೆಯರು, ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಶನಿವಾರ ಬೆಳಗ್ಗೆ ಹೊರಟು ಶಿರಾಡಿ ಘಾಟಿ ಇಳಿದು ಉಡುಪಿಗೆ ಹೋಗುವುದು, ರಾತ್ರಿ ಅಲ್ಲೇ ಉಳಿದು ಭಾನುವಾರ ಮಲ್ಪೆ ನೋಡಿಕೊಂಡು ಬರುವುದು ಅಂತ ಪ್ಲಾನ್. ಒಂದೇ ಲಾಡ್ಜು, ಒಂದೇ ಥರದ ಎಸಿ ರೂಮು. ಒಬ್ಬಳ ಫೋನಿನಲ್ಲಿ 2,000 ರೂಪಾಯಿ, ಇನ್ನೊಬ್ಬಳ ಫೋನಿನಲ್ಲಿ 2,160, ನನ್ನ ಫೋನಿನಲ್ಲಿ 1,940. ಮೂರರಲ್ಲೂ ಪಕ್ಕದಲ್ಲಿ 4,200 ಅಂತ ಬರೆದು ಕೆಂಪು ಗೆರೆ ಹೊಡೆದಿತ್ತು. 'ಏನ್ ಗುರು ಇದು, ಸಂತೆ ರೇಟಾ?' ಅಂದ ನಾಲ್ಕನೆಯವನು, ನೇರ ಲಾಡ್ಜಿಗೇ ಫೋನ್ ಹಚ್ಚಿದ.

'ರೂಮ್ ಉಂಟು ಸರ್. ಆ್ಯಪಲ್ಲಿ ಎಷ್ಟು ತೋರಿಸ್ತಾ ಉಂಟು?'

'ಎರಡು ಸಾವಿರ ಅಂತಿದೆ.'

'ನೀವು ಡೈರೆಕ್ಟ್ ಬನ್ನಿ. ಸಾವಿರದ ಎಂಟುನೂರಕ್ಕೆ ಮಾಡಿ ಕೊಡುವ. ಟ್ಯಾಕ್ಸ್ ಬೇರೆ ಆಗ್ತದೆ.'

ನಾವು ಮಾತ್ರ ಅವರ ಮಾತು ಕೇಳಲಿಲ್ಲ. ಕೂಪನ್ ಆಸೆಗೆ ಬಿದ್ದು ಆ್ಯಪ್‌ನಲ್ಲಿ ಬೇರೊಂದು ಹೋಟೆಲ್ ಹಿಡಿದೆವು, ದುಡ್ಡನ್ನೂ ಮುಂಚೆಯೇ ಕಟ್ಟಿದೆವು. ಅದರ ಫಲ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಆ 200 ರೂಪಾಯಿ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ರೂಮಿನ ಬಾಡಿಗೆ ಅಂತ ನಾವು ಕೊಡುವ ದುಡ್ಡು ಬರೀ ರೂಮಿನ ಬಾಡಿಗೆ ಅಲ್ಲ. ಅದರೊಳಗೆ ಗುರುಗ್ರಾಮದ ಕಂಪನಿ ಇದೆ, ದೆಹಲಿಯ ಜಿಎಸ್‌ಟಿ ಮಂಡಳಿ ಇದೆ, ಕೌಂಟರ್‌ನಲ್ಲಿ ಕೂತವನು ನಮ್ಮ ಹೆಸರು ಓದಿ ಎತ್ತುವ ಹುಬ್ಬೂ ಇದೆ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ಕಡೆ 'ಹೋಟೆಲ್' ಅಂದರೆ ಇಡ್ಲಿ-ವಡೆ. ಮಲಗಲು ಸಿಗುವುದು ಲಾಡ್ಜು ಅಥವಾ ಛತ್ರ. ಆ್ಯಪ್‌ಗಳು ಬಂದ ಮೇಲೆ ಎಲ್ಲವೂ ಹೋಟೆಲ್ಲೇ ಆಗಿಹೋಗಿವೆ. ಇಲ್ಲಿ ನಾನೂ ಹಾಗೇ ಬಳಸುತ್ತೇನೆ.

2,000ವನ್ನು ಬಿಡಿಸಿದರೆ

ಕಮಿಷನ್ ಎಲ್ಲ ಹೋಟೆಲ್‌ಗೂ ಒಂದೇ ಇರುವುದಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಶೇ. 20 ಎಂದು ಇಟ್ಟುಕೊಳ್ಳಿ. 2,000 ರೂಪಾಯಿಯ ರೂಮಿಗೆ ನೀವು ಶೇ. 5 ಜಿಎಸ್‌ಟಿ ಸೇರಿಸಿ 2,100 ಕಟ್ಟುತ್ತೀರಿ. ಆ್ಯಪ್ ತನ್ನ ಕಮಿಷನ್ 400 ಹಿಡಿದುಕೊಳ್ಳುತ್ತದೆ. ಕಮಿಷನ್ ಕೂಡ ಒಂದು ಸೇವೆ, ಹಾಗಾಗಿ ಅದರ ಮೇಲೆ ಶೇ. 18 ಜಿಎಸ್‌ಟಿ: 72 ರೂಪಾಯಿ. ಅದನ್ನು ಕೊಡಬೇಕಾದವರು ಹೋಟೆಲ್‌ನವರು. ಅಲ್ಲಿಗೆ ಅವರ ಕೈಗೆ ಉಳಿಯುವುದು 1,528.

ಅದೇ ರೂಮನ್ನು ಫೋನ್ ಮಾಡಿದವರಿಗೆ 1,800ಕ್ಕೆ ಕೊಟ್ಟರೆ? ನಿಮಗೆ ತೆರಿಗೆ ಸೇರಿ 1,890, ಅಂದರೆ 210 ರೂಪಾಯಿ ಉಳಿತಾಯ. ಅವರಿಗೆ 272 ರೂಪಾಯಿ ಜಾಸ್ತಿ. 'ಡೈರೆಕ್ಟ್ ಬನ್ನಿ' ಅನ್ನುವುದರಲ್ಲಿ ಮೋಸವಿಲ್ಲ, ಬರೀ ಗಣಿತವಿದೆ. ಕೂಪನ್ ವಿಷಯವೂ ಇದೇ. ಹೆಚ್ಚಿನ ಸಲ ಅದರ ಭಾರದಲ್ಲಿ ಒಂದು ಪಾಲನ್ನು ಹೋಟೆಲ್‌ನವರೇ ಹೊತ್ತಿರುತ್ತಾರೆ. ಆ ಭಾರ ತಡೆಯಲಿ ಅಂತ ಮೂಲ ರೇಟನ್ನೇ ಏರಿಸಿಟ್ಟಿರುತ್ತಾರೆ. ಗೆರೆ ಹೊಡೆದ 4,200ಕ್ಕೆ ಆ ರೂಮು ಯಾವ ರಾತ್ರಿಯಾದರೂ ಹೋಗಿತ್ತೇ ಅಂತ ಆ್ಯಪ್ ನಿಮಗೆ ಹೇಳುವುದಿಲ್ಲ.

ಹಾಗಂತ ಆ್ಯಪ್ ದಂಡ ಅನ್ನಲಾರೆ. ಇಪ್ಪತ್ತು ವರ್ಷದ ಹಿಂದೆ ನಮ್ಮಪ್ಪ ಮಂಗಳೂರಿಗೆ ಹೋದರೆ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ, ಹಾಸಿಗೆ ಹೇಗಿದೆ ಅಂತ ಗೊತ್ತಿಲ್ಲದೆ, ಕೇಳಿದಷ್ಟು ಕೊಟ್ಟು ಮಲಗಿ ಬರುತ್ತಿದ್ದರು. ಫೋಟೊ, ಮ್ಯಾಪು, ಹಿಂದೆ ಹೋದವರ ಬೈಗುಳ, ಇವೆಲ್ಲ ಆ್ಯಪ್ ಕೊಟ್ಟ ಉಪಕಾರ. ಒಂಟಿಯಾಗಿ ಓಡಾಡುವ ಹುಡುಗಿಯರಿಗಂತೂ ಇನ್ನೊಬ್ಬ ಹೆಣ್ಣುಮಗಳು ಬರೆದ ಎರಡು ಸಾಲಿನ ರಿವ್ಯೂ ದೊಡ್ಡ ಆಸರೆ. ಪ್ರಶ್ನೆ ಇರುವುದು ಆ ಉಪಕಾರದ ಬೆಲೆಯನ್ನು ಯಾರು ನಿಗದಿ ಮಾಡುತ್ತಾರೆ ಅನ್ನುವುದರಲ್ಲಿ.

ನಾವು 'ನಾಲ್ಕು ಆ್ಯಪ್ ನೋಡಿ ಕಮ್ಮಿ ಇರೋದನ್ನ ಹಿಡಿದೆ' ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವಲ್ಲ, ಮೇಕ್‌ಮೈಟ್ರಿಪ್ ಮತ್ತು ಗೋಐಬಿಬೊ 2017ರಿಂದ ಒಂದೇ ಮನೆ. ಬಸ್ ಬುಕ್ ಮಾಡುವ ರೆಡ್‌ಬಸ್ ಕೂಡ ಅದೇ ಮನೆಯದು. ಬುಕಿಂಗ್ ಡಾಟ್ ಕಾಮ್ ಮತ್ತು ಅಗೋಡಾ ಇನ್ನೊಂದು ಮನೆ. ಒಂದೇ ಮನೆಯ ಎರಡು ಬಾಗಿಲು ತಟ್ಟಿ ಹೋಲಿಕೆ ಮಾಡಿದೆ ಅಂದುಕೊಂಡರೆ ಹೇಗೆ?

ಇದು ಬರೀ ಅನುಮಾನವಲ್ಲ. ಹೋಟೆಲ್ ಮಾಲೀಕರ ರಾಷ್ಟ್ರೀಯ ಒಕ್ಕೂಟ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 19ರಂದು ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆರೋಪಗಳಲ್ಲಿ ನಮಗೆ ಸಂಬಂಧಿಸಿದವು ಎರಡು. ಒಂದು, 'ನಮ್ಮ ಆ್ಯಪ್‌ಗಿಂತ ಕಮ್ಮಿ ರೇಟನ್ನು ಬೇರೆಲ್ಲೂ, ನಿಮ್ಮದೇ ವೆಬ್‌ಸೈಟ್‌ನಲ್ಲೂ ಹಾಕಬಾರದು' ಎಂದು ಹೋಟೆಲ್‌ಗಳ ಕೈ ಕಟ್ಟುವ ಕರಾರು. ಇನ್ನೊಂದು, ಓಯೋ ಜೊತೆಗಿನ ಒಪ್ಪಂದದಿಂದಾಗಿ ಅದರ ಪ್ರತಿಸ್ಪರ್ಧಿಗಳಾದ ಟ್ರೀಬೊ, ಫ್ಯಾಬ್‌ಹೋಟೆಲ್ಸ್ ಮೇಕ್‌ಮೈಟ್ರಿಪ್‌ನ ಪಟ್ಟಿಯಿಂದಲೇ ಕಾಣೆಯಾದದ್ದು. ಆ ಕರಾರು ತೆಗೆಯಿರಿ ಎಂದು ಆಯೋಗ ಹೇಳಿತು, ಕಂಪನಿಗಳು ಮೇಲ್ಮನವಿಗೆ ಹೋದವು. ಫ್ರಾನ್ಸ್ ಇಂಥ ಕರಾರನ್ನು 2015ರಲ್ಲೇ ಕಾನೂನು ಮಾಡಿ ನಿಷೇಧಿಸಿತ್ತು. ಲಾಡ್ಜಿನವರು ಕಮ್ಮಿ ರೇಟನ್ನು ಬೋರ್ಡಿಗೆ ಹಾಕದೆ ಫೋನಿನಲ್ಲಿ ಮೆಲ್ಲಗೆ ಹೇಳುವ ಅಭ್ಯಾಸಕ್ಕೆ ಇಂಥ ಕರಾರುಗಳ ಕಾಲದ ಹಿನ್ನೆಲೆ ಇದೆ.

ತೆರಿಗೆಯ ಮೂರು ಮೆಟ್ಟಿಲು

2022ರ ಜುಲೈ 18ಕ್ಕೆ ಮುಂಚೆ ದಿನಕ್ಕೆ 1,000 ರೂಪಾಯಿಗಿಂತ ಕಮ್ಮಿ ಬಾಡಿಗೆಯ ರೂಮಿಗೆ ಜಿಎಸ್‌ಟಿಯೇ ಇರಲಿಲ್ಲ. ಅವತ್ತಿನಿಂದ ಶೇ. 12 ಬಂತು. 900 ರೂಪಾಯಿಯ ರೂಮು ಒಂದೇ ರಾತ್ರಿಯಲ್ಲಿ 1,008 ಆಯಿತು. ಆ ಶಿಫಾರಸು ಬಂದದ್ದು ಎಲ್ಲಿಂದ ಗೊತ್ತಾ? ತೆರಿಗೆ ದರ ಪರಿಷ್ಕರಣೆಗೆ ಮಾಡಿದ್ದ ಸಚಿವರ ತಂಡದಿಂದ. ಅದರ ಮುಖ್ಯಸ್ಥರು ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ. ಅಗ್ಗದ ರೂಮಿನಲ್ಲಿ ಉಳಿಯುವವರು ಯಾರು? ಸಂದರ್ಶನಕ್ಕೆ ಬಂದ ಹುಡುಗ, ಆಸ್ಪತ್ರೆಗೆ ಬಂದವರ ಕಡೆಯವರು, ಮೆಡಿಕಲ್ ರೆಪ್‌ಗಳು, ಧರ್ಮಸ್ಥಳ-ಸುಬ್ರಹ್ಮಣ್ಯ ಮುಗಿಸಿ ಉಡುಪಿಗೆ ಬಂದ ನಮ್ಮೂರ ಸಂಸಾರಗಳು. ಪೆಟ್ರೋಲಿನ ಬಗ್ಗೆ ಆದಷ್ಟು ಗಲಾಟೆ ಇದರ ಬಗ್ಗೆ ಆಗಲಿಲ್ಲ.

2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಎಲ್ಲ ರೂಮಿಗೂ ಶೇ. 5. ಇಳಿದದ್ದು ನಿಜ, ಆದರೆ ಸಣ್ಣಕ್ಷರದಲ್ಲಿ ಒಂದು ಷರತ್ತಿದೆ: ಹೋಟೆಲ್‌ಗೆ ಹುಟ್ಟುವಳಿ ತೆರಿಗೆ ಜಮೆ ಸಿಗುವುದಿಲ್ಲ. ಅಂದರೆ ಎಸಿ, ಸೋಪು, ಲಾಂಡ್ರಿಗೆ ಅವರು ಕಟ್ಟಿದ ಜಿಎಸ್‌ಟಿಯನ್ನು ಮೊದಲಿನ ಹಾಗೆ ಲೆಕ್ಕದಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಮೇಲೆ ಹೇಳಿದ ಕಮಿಷನ್ ಮೇಲಿನ 72 ರೂಪಾಯಿ ನೆನಪಿದೆಯಲ್ಲ? ಮೊದಲು ಅದು ವಾಪಸ್ ಸಿಗುತ್ತಿತ್ತು, ಈಗ ಹೋಟೆಲ್‌ನವರ ತಲೆಮೇಲೆ. 2,000 ರೂಪಾಯಿಯ ರೂಮಿಗೆ ಗಿರಾಕಿಗೆ ಇಳಿದದ್ದು 140 ರೂಪಾಯಿ, ಹೋಟೆಲ್‌ಗೆ ಏರಿದ್ದು ಆ್ಯಪ್ ಬಾಬ್ತಿನಲ್ಲೇ 72. 'ತೆರಿಗೆ ಇಳೀತಲ್ಲ, ರೇಟ್ ಯಾಕೆ ಏರಿಸಿದ್ರಿ' ಅಂತ ಜಗಳಕ್ಕೆ ಹೋಗುವ ಮುಂಚೆ ಇದು ತಿಳಿದಿರಲಿ. ಎಲ್ಲರೂ ಪ್ರಾಮಾಣಿಕವಾಗಿ ಅಷ್ಟೇ ಏರಿಸಿದರು ಅಂತಲೂ ನಾನು ಹೇಳುವುದಿಲ್ಲ.

7,500ರ ಗಡಿಯಲ್ಲಿ ಒಂದು ಪ್ರಪಾತವಿದೆ. ದುಡ್ಡಿರುವ ಗೆಳೆಯರಿಗೆ ಹೇಳಿ. 7,500ರ ರೂಮಿಗೆ ತೆರಿಗೆ ಸೇರಿ 7,875. 7,600ರ ರೂಮಿಗೆ ಶೇ. 18 ಸೇರಿ 8,968. ನೂರು ರೂಪಾಯಿಯ ವ್ಯತ್ಯಾಸ ಬಿಲ್ಲಿನಲ್ಲಿ 1,093 ಆಗುತ್ತದೆ. ಇದರದೇ ಇನ್ನೊಂದು ಬಾಲ: ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಒಂದು ರೂಮು 7,500ಕ್ಕಿಂತ ಹೆಚ್ಚಿಗೆ ಹೋಗಿದ್ದರೂ, ಆ ಹೋಟೆಲ್‌ನೊಳಗಿನ ರೆಸ್ಟೋರೆಂಟಿನಲ್ಲಿ ನೀವು ಕುಡಿಯುವ ಕಾಫಿಗೂ ಶೇ. 18. ಗೇಟಿನ ಹೊರಗಿನ ಹೋಟೆಲ್‌ನಲ್ಲಿ ಶೇ. 5. ಉಡುಪಿಗೆ ಹೋಗಿ ರೂಮಿಗೆ ದೋಸೆ ತರಿಸಿಕೊಳ್ಳುವವರಿಗೆ ಈ ದಂಡ ಸರಿಯಾಗಿಯೇ ಇದೆ ಬಿಡಿ.

ಸಣ್ಣ ಲಾಡ್ಜುಗಳದ್ದು ಬೇರೆಯೇ ಕತೆ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಿನಕ್ಕೆ ಸುಮಾರು 5,480 ರೂಪಾಯಿ. 800ರ ಲೆಕ್ಕದಲ್ಲಿ ದಿನಕ್ಕೆ ಆರು ರೂಮು ಹೋದರೂ ಮಿತಿಯೊಳಗೇ. ಇಂಥ ಲಾಡ್ಜಿಗೆ ನೇರ ಹೋದರೆ 800 ಅಂದರೆ 800. ಅದನ್ನೇ ಆ್ಯಪ್ ಮೂಲಕ ಬುಕ್ ಮಾಡಿದರೆ ತೆರಿಗೆ ಕಟ್ಟುವ ಹೊಣೆ ಕಾನೂನಿನ ಪ್ರಕಾರ ಆ್ಯಪ್‌ನದು, ಅದು ನಿಮ್ಮ ಬಿಲ್ಲಿಗೆ ಬರುತ್ತದೆ: 840. ಇನ್ನು ನೋಂದಣಿಯೇ ಇಲ್ಲದವರು ಕೌಂಟರಿನಲ್ಲಿ 'ಜಿಎಸ್‌ಟಿ ಬೇರೆ ಸರ್' ಅಂದರೆ ಬಿಲ್ ಕೇಳಿ. ಅದರಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಸಂಖ್ಯೆ ಇಲ್ಲದೆ ವಸೂಲಿ ಮಾಡಿದ ತೆರಿಗೆ ಸರ್ಕಾರಕ್ಕೆ ಹೋಗುವ ದಾರಿಯೇ ಇಲ್ಲ.

ಅಂದಹಾಗೆ ಹೋಟೆಲ್ ಬಾಡಿಗೆಯ ಜಿಎಸ್‌ಟಿ ಕಟ್ಟಡ ಯಾವ ರಾಜ್ಯದಲ್ಲಿದೆಯೋ ಅಲ್ಲಿಯದು. ದೆಹಲಿಯವನು ಬಂದು ಮಲ್ಪೆಯಲ್ಲಿ ಮಲಗಿದರೂ ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ. ತೆರಿಗೆ ಪಾಲಿನ ಬಗ್ಗೆ ಪೋಸ್ಟ್ ಹಾಕುವವರಿಗೆ ಈ ಸಣ್ಣ ಸಮಾಧಾನ ಇರಲಿ.

ಬೆಳಗೊಳದ ಛತ್ರದಲ್ಲಿ ಬೇರೆ ಲೆಕ್ಕ

ನಾನು ಬೆಳೆದದ್ದು ಶ್ರವಣಬೆಳಗೊಳದ ಪಕ್ಕದ ಹಳ್ಳಿಯಲ್ಲಿ. ಬಾಹುಬಲಿಯನ್ನು ನೋಡಲು ಬಂದವರು ಉಳಿದುಕೊಳ್ಳುತ್ತಿದ್ದದ್ದು ಬೆಟ್ಟದ ಕೆಳಗಿನ ಧರ್ಮಶಾಲೆ, ಅತಿಥಿಗೃಹಗಳಲ್ಲಿ. ದಾನಿಗಳ ಹೆಸರು ಕೆತ್ತಿದ ಕಲ್ಲು, ಮಂಚ, ಬಕೆಟ್ಟು, ಮುಂಗಡ, ರಸೀತಿ. ಅಲ್ಲಿ ಶನಿವಾರಕ್ಕೊಂದು ರೇಟು, ಮಂಗಳವಾರಕ್ಕೊಂದು ರೇಟು ಅನ್ನುವುದನ್ನು ನಾನು ಕಂಡಿರಲಿಲ್ಲ. ನಿಯಮಗಳಿವೆ: ಮಾಂಸ, ಮದ್ಯ ಇಲ್ಲ, ಊಟ ಹೊತ್ತು ಮುಳುಗುವ ಮುಂಚೆ. ಒಪ್ಪಿದವರಿಗೆ ಅಗ್ಗದ ರೂಮು.

ಇದಕ್ಕೂ ಜಿಎಸ್‌ಟಿಗೂ ಒಂದು ಸಂಬಂಧವಿದೆ. ಧಾರ್ಮಿಕ ಟ್ರಸ್ಟ್‌ಗಳು ಸಾರ್ವಜನಿಕರಿಗೆ ಕೊಡುವ ರೂಮಿಗೆ ದಿನಕ್ಕೆ 1,000ಕ್ಕಿಂತ ಕಮ್ಮಿ ಬಾಡಿಗೆ ಇದ್ದರೆ ತೆರಿಗೆ ವಿನಾಯಿತಿ. 2022ರಲ್ಲಿ ಲಾಡ್ಜುಗಳ ವಿನಾಯಿತಿ ಹೋದಾಗ ಇದೂ ಹೋಯಿತೇನೋ ಎಂಬ ಗೊಂದಲ ಅಮೃತಸರದ ಸ್ವರ್ಣಮಂದಿರದ ಸರಾಯ್‌ಗಳಲ್ಲಿ ಎದ್ದಿತು, ಸಂಸತ್ತಿನವರೆಗೂ ಹೋಯಿತು. ಆವರಣದ ಗೋಡೆಯಾಚೆ ಇರುವ ಸರಾಯ್‌ಗಳಿಗೂ ವಿನಾಯಿತಿ ಇದೆ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಆ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ 900 ರೂಪಾಯಿಯ ಎರಡು ರೂಮುಗಳಲ್ಲಿ ಟ್ರಸ್ಟಿನದಕ್ಕೆ ತೆರಿಗೆ ಇಲ್ಲ, ಪಕ್ಕದ ಬೀದಿಯ ನೋಂದಾಯಿತ ಲಾಡ್ಜಿನದಕ್ಕೆ ಇದೆ. ಬಡವರ ರೂಮು ಎಂಬ ಕಾರಣಕ್ಕೆ ಇದ್ದ ವಿನಾಯಿತಿ ಹೋಯಿತು, ದೇವರ ರೂಮು ಎಂಬ ಕಾರಣಕ್ಕೆ ಇರುವುದು ಉಳಿಯಿತು. ಛತ್ರದಲ್ಲಿ ಮಲಗಿ ಬೆಳೆದವನು ನಾನು, ಅವರಿಗೆ ಕೊಟ್ಟದ್ದಕ್ಕೆ ತಕರಾರಿಲ್ಲ. ಕಿತ್ತುಕೊಂಡದ್ದಕ್ಕೆ ಇದೆ.

ನಮ್ಮೂರು ಯಾವಾಗಲೂ ಹೀಗೇ ಇರುತ್ತದೆ ಅಂತಲೂ ಅಲ್ಲ. ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ 2018ರ ಫೆಬ್ರವರಿಯಲ್ಲಿ ನಡೆದಾಗ ಸರ್ಕಾರ ತಾತ್ಕಾಲಿಕ ಉಪನಗರಗಳನ್ನೇ ಕಟ್ಟಬೇಕಾಯಿತು. ಸುತ್ತಲ ಊರುಗಳ ಲಾಡ್ಜುಗಳಲ್ಲಿ ಕೇಳಿದ್ದೇ ರೇಟು. ಬೇಡಿಕೆ ಏರಿದರೆ ಬೆಲೆ ಏರುತ್ತದೆ, ಅದಕ್ಕೆ ಆ್ಯಪ್ ಬೇಕಿಲ್ಲ. ಆ್ಯಪ್ ಮಾಡಿದ್ದೇನೆಂದರೆ ಪ್ರತಿ ಶನಿವಾರವನ್ನೂ ಒಂದು ಪುಟ್ಟ ಜಾತ್ರೆ ಮಾಡಿಟ್ಟದ್ದು. ಇವತ್ತು ರಾತ್ರಿ ಖಾಲಿ ಉಳಿದ ರೂಮಿನ ಬೆಲೆ ನಾಳೆ ಬೆಳಗ್ಗೆ ಸೊನ್ನೆ. ಹಾಗಾಗಿ ಸಾಫ್ಟ್‌ವೇರ್ ಗಳಿಗೆಗೊಮ್ಮೆ ರೇಟು ತಿರುವುತ್ತಿರುತ್ತದೆ. ಮಂಗಳವಾರ ರಾತ್ರಿ ಎಂಟರ ಮೇಲೆ ಇಳಿಯುವುದು, ಶನಿವಾರ ಬೆಳಗ್ಗೆ ಹತ್ತಕ್ಕೆ ಏರುವುದು, ಎರಡೂ ಒಂದೇ ಸೂತ್ರ.

ಸರ್ಕಾರದ್ದೂ ರೂಮುಗಳಿವೆ ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲ್‌ಗಳಿವೆ, ನೇರ ನಿಗಮದ ವೆಬ್‌ಸೈಟಿನಲ್ಲೇ ಸಿಗುತ್ತವೆ. ತಾಲೂಕಿಗೊಂದು ಪ್ರವಾಸಿ ಮಂದಿರವಿದೆ. ಹೆಸರು ಪ್ರವಾಸಿ ಮಂದಿರ, ಒಳಗೆ ಕಾಣುವವರು ಶಾಸಕರು, ಅಧಿಕಾರಿಗಳು, ಅವರ ಹಿಂಬಾಲಕರು.

ಕರಾವಳಿಯಲ್ಲಿ ಆರಿಸುವುದು

ಜೂನ್‌ನಿಂದ ಆಗಸ್ಟ್‌ವರೆಗೆ ಉಡುಪಿ-ಮಲ್ಪೆಯಲ್ಲಿ ರೂಮು ಅಗ್ಗ. ಯಾಕೆಂದರೆ ಕಡಲು ಬಂದ್. ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಹಾಗಾಗಿ ತಟ್ಟೆಗೆ ಬರುವ ಮೀನು ತಾಜಾ ಇರುವುದು ಅಪರೂಪ. ಮಳೆ ನೋಡಲಿಕ್ಕೇ ಹೋಗುವುದಾದರೆ ಅದಕ್ಕಿಂತ ಒಳ್ಳೆ ಕಾಲವಿಲ್ಲ, ಬೀಚಿಗೆ ಅಂತಾದರೆ ಅಗ್ಗದ ರೂಮು ದುಬಾರಿಯೇ.

'ಬೀಚಿಗೆ 700 ಮೀಟರ್' ಅನ್ನುವುದನ್ನು ನಂಬುವ ಮುಂಚೆ ಮ್ಯಾಪಿನಲ್ಲಿ ನಡೆಯುವ ದಾರಿ ಹಾಕಿ ನೋಡಿ. ಕರಾವಳಿಯಲ್ಲಿ ಕಡಲಿಗೂ ರೂಮಿಗೂ ನಡುವೆ ಹೊಳೆಯೋ ಹಿನ್ನೀರೋ ಅಡ್ಡ ಮಲಗಿರುತ್ತದೆ. ನೇರ ಗೆರೆ ಎಳೆದರೆ 700 ಮೀಟರು, ಸೇತುವೆ ಸುತ್ತಿ ಬಂದರೆ ನಾಲ್ಕು ಕಿಲೋಮೀಟರು. ಮಠದ ಹತ್ತಿರ ಉಳಿದು ಮಲ್ಪೆಗೆ ಬಸ್ಸಿನಲ್ಲಿ ಹೋಗುವುದೂ ಒಂದು ದಾರಿ. ಆರೇಳು ಕಿಲೋಮೀಟರ್ ಅಷ್ಟೆ, ಬಸ್ಸುಗಳಿಗೆ ಬರವಿಲ್ಲ.

ಆ್ಯಪ್‌ನಲ್ಲಿ ಕಾಣುವ ತ್ರೀ ಸ್ಟಾರ್, ಫೋರ್ ಸ್ಟಾರ್ ಎಲ್ಲವೂ ಸರ್ಕಾರ ಕೊಟ್ಟವಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಹೋಟೆಲ್‌ನವರು ತಾವಾಗಿ ಅರ್ಜಿ ಹಾಕಿ ಪಡೆಯುವಂಥದ್ದು, ಬಹಳ ಲಾಡ್ಜುಗಳು ಆ ಕಡೆ ತಲೆ ಹಾಕುವುದಿಲ್ಲ. ನಾನು ನೋಡುವುದು ಐದಕ್ಕೆ ಎರಡು ಅಂಕ ಕೊಟ್ಟವರ ರಿವ್ಯೂ. ಐದು ಕೊಟ್ಟವನು ಮಾಲೀಕನ ಭಾಮೈದ ಇರಬಹುದು, ಒಂದು ಕೊಟ್ಟವನಿಗೆ ಅವತ್ತು ಹೆಂಡತಿ ಜೊತೆ ಜಗಳವಾಗಿರಬಹುದು. ಎರಡು ಕೊಟ್ಟವರು ಕೂತು ಬರೆದಿರುತ್ತಾರೆ: ಗೋಡೆಯ ತೇವ, ಉಪ್ಪು ನೀರು, ಪಕ್ಕದ ಮದುವೆ ಹಾಲ್‌ನ ಸದ್ದು.

'ಎರಡೇ ರೂಮು ಬಾಕಿ, 30 ಜನ ಇದನ್ನೇ ನೋಡುತ್ತಿದ್ದಾರೆ' ಅಂತ ಕೆಂಪಕ್ಷರದಲ್ಲಿ ಬಂದರೆ ಹೆದರಬೇಡಿ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ ಹದಿಮೂರು ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದಕ್ಕೆ ಅದು ಕೊಟ್ಟ ಉದಾಹರಣೆಯೇ ಹೋಟೆಲ್ ರೂಮಿನದು. ಕೇಳದೆ ಇನ್ಶೂರೆನ್ಸ್, ದೇಣಿಗೆ ಸೇರಿಸುವುದು, ಮೊದಲ ಪುಟದಲ್ಲಿ ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕ ಜಡಿಯುವುದು ಕೂಡ ಅದೇ ಪಟ್ಟಿಯಲ್ಲಿವೆ. ಪಟ್ಟಿ ಇದೆ, ತಂತ್ರಗಳೂ ಇವೆ. ಪೇ ಒತ್ತುವ ಮುಂಚೆ ಟಿಕ್ ಗುರುತುಗಳನ್ನು ಒಂದೊಂದಾಗಿ ತೆಗೆಯಿರಿ.

ದುಡ್ಡಿದ್ದರೂ ರೂಮಿಲ್ಲ

ಈಗ ನಮ್ಮ ಕತೆ. ಶನಿವಾರ ಸಂಜೆ ಆರೂವರೆಗೆ, ಮೊದಲೇ ದುಡ್ಡು ಕಟ್ಟಿದ್ದ ಹೋಟೆಲ್ ಮುಟ್ಟಿದೆವು. ಎರಡು ರೂಮು, ಹೆಂಗಸರಿಗೊಂದು, ಗಂಡಸರಿಗೊಂದು. ಕೌಂಟರಿನವನು ನಾಲ್ಕು ಆಧಾರ್ ಕಾರ್ಡು ಒಟ್ಟಿಗೆ ಹಿಡಿದು ಹೆಸರು ಓದಿದ. ನಾಲ್ಕೂ ಒಂದೇ ಧರ್ಮದವಲ್ಲ. 'ಇಲ್ಲಿ ಫ್ಯಾಮಿಲಿಗೆ ಮಾತ್ರ ಸರ್' ಅಂದ. ಎರಡು ರೂಮು ತಗೊಂಡಿದ್ದೀವಲ್ಲಪ್ಪ ಅಂದರೆ, 'ಸುಮ್ನೆ ತೊಂದ್ರೆ ಬೇಡ ಸರ್, ನಮಗೂ ಇಲ್ಲಿ ಇರ್ಲಿಕ್ಕುಂಟು' ಅಂದ.

ಅವನ ಭಯವನ್ನು ನಾನು ಸುಳ್ಳು ಅನ್ನಲಾರೆ. 2009ರ ಜನವರಿಯ ಮಂಗಳೂರು ಪಬ್ ದಾಳಿ, 2012ರ ಜುಲೈನಲ್ಲಿ ಪಡೀಲ್‌ನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ನಡೆದ ದಾಳಿ ಆ ಕರಾವಳಿಯದೇ ಇತಿಹಾಸ. ಮೊದಲ ಪ್ರಕರಣದ ಆರೋಪಿಗಳು 2018ರಲ್ಲಿ, ಎರಡನೆಯದರವರು 2024ರಲ್ಲಿ ಖುಲಾಸೆಯಾದರು. ಹೊಡೆದವರಿಗೆ ಏನೂ ಆಗುವುದಿಲ್ಲ ಅನ್ನುವುದನ್ನು ಕೌಂಟರಿನಲ್ಲಿ ಕೂತವನೂ ನೋಡಿದ್ದಾನೆ. ಆದರೆ ಅವನ ಭಯದ ಬಿಲ್ಲನ್ನು ನಾವು ಕಟ್ಟಬೇಕೇ?

ಕಾನೂನು ಏನು ಹೇಳುತ್ತದೆ? ಸಂವಿಧಾನದ 15(2)ನೇ ವಿಧಿಯಲ್ಲಿ 'ಹೋಟೆಲ್' ಎಂಬ ಪದವೇ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೇ ಯಾವ ಪ್ರಜೆಗೂ ಅಂಗಡಿ, ಹೋಟೆಲ್‌ಗಳ ಪ್ರವೇಶ ತಡೆಯುವ ಹಾಗಿಲ್ಲ. ಬಾಗಿಲಲ್ಲಿ 'ಬ್ರಾಹ್ಮಣರಿಗೆ ಮಾತ್ರ' ಎಂದು ಬೋರ್ಡು ಹಾಕುತ್ತಿದ್ದ ಹೋಟೆಲ್‌ಗಳ ದೇಶದಲ್ಲಿ ಬರೆದ ವಿಧಿ ಅದು, ಸುಮ್ಮನೆ ಬಂದ ಪದವಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲ್, ಧರ್ಮಶಾಲೆಗಳಲ್ಲಿ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷೆಯೇ ಇದೆ. ಮದುವೆಯಾಗದ ಗಂಡು-ಹೆಣ್ಣು ಒಂದು ರೂಮಿನಲ್ಲಿ ಉಳಿಯಬಾರದು ಎನ್ನುವ ಕಾನೂನು ಯಾವುದೂ ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಹೋಟೆಲ್ ತನ್ನದೇ ನಿಯಮ ಮಾಡಿಕೊಳ್ಳುವುದನ್ನು ಆ ತೀರ್ಪು ತಡೆಯುವುದಿಲ್ಲ. 2025ರ ಜನವರಿಯಲ್ಲಿ ಓಯೋ ಮೀರತ್‌ನಿಂದ ಶುರುಮಾಡಿ ಮದುವೆಯಾಗದ ಜೋಡಿಗಳನ್ನು ಹೊರಗಿಡಲು ಹೋಟೆಲ್‌ಗಳಿಗೆ ಅವಕಾಶ ಕೊಟ್ಟದ್ದು ಈ ಸಂದಿಯಲ್ಲೇ. 'ಲೋಕಲ್ ಐಡಿ ನಡೆಯಲ್ಲ' ಅನ್ನುವುದೂ ಹೀಗೇ: 15(2)ರಲ್ಲಿ ಇರುವುದು ಹುಟ್ಟಿದ ಸ್ಥಳ, ವಾಸದ ಸ್ಥಳವಲ್ಲ. ಹಾಗಾಗಿ ಇಂಥ ಗುಂಪಿನಲ್ಲಿ ಹೋಗುವವರು ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ, 'ಆಗುತ್ತದೆ' ಅನ್ನುವುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಇದನ್ನು ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು, ಆದರೂ ರಾತ್ರಿ ಬೀದಿಯಲ್ಲಿ ನಿಲ್ಲುವುದಕ್ಕಿಂತ ವಾಸಿ.

ಗುರುತಿನ ಚೀಟಿ ತೋರಿಸಬೇಕು ನಿಜ, ಆಧಾರೇ ಆಗಬೇಕೆಂದಿಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಹೋಟೆಲ್, ಸಿನಿಮಾ ಹಾಲ್‌ಗಳಂಥ ಪರವಾನಗಿ ಇಲ್ಲದ ಸಂಸ್ಥೆಗಳು ಆಧಾರ್ ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಪ್ರಕಟಣೆ ಹೊರಡಿಸಿತು. ದೇಶವೆಲ್ಲ ಗಾಬರಿಯಾಗಿ ಎರಡೇ ದಿನಕ್ಕೆ ಅದನ್ನು ಕೇಂದ್ರ ಹಿಂತೆಗೆದುಕೊಂಡಿತು. ನಾನು ಡ್ರೈವಿಂಗ್ ಲೈಸೆನ್ಸ್ ಕೊಡುತ್ತೇನೆ. ಆಧಾರೇ ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೇನೆ.

ಆ ರಾತ್ರಿ ಮತ್ತೆ ನೆನಪಾದದ್ದು ಸಾವಿರದ ಎಂಟುನೂರರ ಲಾಡ್ಜು. ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆವು. 'ಐಡಿ ಉಂಟಲ್ಲ? ಬನ್ನಿ' ಅಂದರು. 500 ರೂಪಾಯಿ ಮುಂಗಡಕ್ಕೆ ಯುಪಿಐ ನಂಬರ್ ಕಳಿಸಿದರು. ಇಲ್ಲಿ ಒಂದು ಎಚ್ಚರಿಕೆ. ಇಂಟರ್‌ನೆಟ್ಟಿನಲ್ಲಿ ಹೋಟೆಲ್ ಹೆಸರಿನಲ್ಲಿ ನಕಲಿ ನಂಬರು, ನಕಲಿ ವೆಬ್‌ಸೈಟ್ ಹಾಕಿ ಮುಂಗಡ ನುಂಗುವವರಿದ್ದಾರೆ. ಯಾತ್ರಾಸ್ಥಳಗಳ ರೂಮು ಬುಕಿಂಗ್ ಹೆಸರಿನ ಮೋಸದ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ದುಡ್ಡು ಕಳಿಸುವ ಮುಂಚೆ ಪರದೆಯಲ್ಲಿ ಬರುವ ಖಾತೆಯ ಹೆಸರು ಲಾಡ್ಜಿನದ್ದೋ, ಯಾರೋ ಒಬ್ಬನದ್ದೋ ನೋಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು.

ನಿರಾಕರಿಸಿದ ಹೋಟೆಲ್‌ಗೆ ಕಟ್ಟಿದ್ದ ದುಡ್ಡು? ಆ್ಯಪ್‌ನವರು 'ಹೋಟೆಲ್ ಒಪ್ಪಬೇಕು' ಅಂದರು, ಹೋಟೆಲ್‌ನವರು 'ದುಡ್ಡು ಆ್ಯಪ್ ಹತ್ತಿರ ಇದೆ' ಅಂದರು. 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಜೊತೆಗೆ ಇಬ್ಬರಿಗೂ ಒಂದು ಇಮೇಲ್: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ಎಲ್ಲಿ ವಾಸವಿದ್ದಾನೋ ಅಲ್ಲಿಯೇ ದೂರು ಹಾಕಬಹುದು, ನಾವು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ನೀವು ಇಲ್ಲಿಗೆ ಬನ್ನಿ ಅಂತ. ಕೌಂಟರಿನಲ್ಲಿ ನಿಂತೇ ತೆಗೆದಿದ್ದ ಬುಕಿಂಗ್‌ನ ಸ್ಕ್ರೀನ್‌ಶಾಟ್, 'ಫ್ಯಾಮಿಲಿಗೆ ಮಾತ್ರ' ಎಂಬ ನಿಯಮ ಆ್ಯಪ್‌ನ ಪುಟದಲ್ಲಿ ಇರಲಿಲ್ಲ ಅನ್ನುವುದಕ್ಕೆ ಇನ್ನೊಂದು ಸ್ಕ್ರೀನ್‌ಶಾಟ್, ಎರಡನ್ನೂ ಲಗತ್ತಿಸಿದ್ದೆವು. ಹತ್ತೊಂಬತ್ತನೇ ದಿನ ಬಾಡಿಗೆ, ತೆರಿಗೆ ಎರಡೂ ಖಾತೆಗೆ ವಾಪಸ್ ಬಂದವು. 'ಕನ್ವೀನಿಯನ್ಸ್ ಫೀ' ಮಾತ್ರ ಬರಲಿಲ್ಲ, ಅದನ್ನು ಹಿಂತಿರುಗಿಸುವ ನಿಯಮ ಇಲ್ಲವಂತೆ. ನಮಗೆ ಅವತ್ತು ಆದ ಅನುಕೂಲ ಏನು ಅಂತ ಕೇಳಿ ಇನ್ನೊಂದು ಇಮೇಲ್ ಹಾಕಿದ್ದೇವೆ.